ಮರದ ಬುಡದಲ್ಲಿ ಕೂತವಳು

ಅಪ್ಪ ಬರ್ಮಾದ ಕಥೆ ಹೇಳುವಾಗ ಗಿರಾಕಿಗಳು ತಿನ್ನುವುದನ್ನು ನಿಲ್ಲಿಸುತ್ತಿರಲಿಲ್ಲ. ಹೇಸಿಗೆ ಎಂಬುದರ ಮೊದಲ ಪಾಠ ನನಗೆ ಆದದ್ದು ಅಲ್ಲಿ.

ಬಂಟ್ವಾಳ ಪೇಟೆಯಲ್ಲಿ, ನೇತ್ರಾವತಿಗೆ ಇಳಿಯುವ ಓಣಿಯ ತಿರುವಿನಲ್ಲಿ ಅಪ್ಪನದೊಂದು ಸಣ್ಣ ಚಾ ಹೋಟೆಲಿತ್ತು. ಹೊಗೆ ಹಿಡಿದ ಗೋಡೆ, ಜಿಡ್ಡು ಮೆತ್ತಿದ ಬೆಂಚುಗಳು, ಬಾಗಿಲ ಪಕ್ಕ ಎಣ್ಣೆಯ ಬಾಣಲೆ. ಶಾಲೆ ಬಿಟ್ಟು ಬಂದ ಮೇಲೆ ನಾನು ಹಿಂದಿನ ಕೋಣೆಯಲ್ಲಿ ಕುಳಿತು ಓದಬೇಕು. ಆ ಕೋಣೆಗೂ ಹೋಟೆಲಿಗೂ ನಡುವೆ ಒಂದು ಗೋಣಿಯ ಪರದೆ ಮಾತ್ರ. ಗೋಳಿಬಜೆ ಕರಿಯುವ ಸದ್ದು, ಲೋಟ ತೊಳೆಯುವ ಸದ್ದು, ಅದರ ಮೇಲೆ ಅಪ್ಪನ ಸ್ವರ.

ಅಪ್ಪ ರಂಗೂನಿನಲ್ಲಿ ಹೋಟೆಲು ಇಟ್ಟಿದ್ದವರು. ನಾನು ಹುಟ್ಟಿದ್ದೂ ಅಲ್ಲಿಯೇ. ನನಗೆ ಆರು ವರ್ಷವಾಗಿದ್ದಾಗ ಜಪಾನಿನ ವಿಮಾನಗಳು ಬಂದು ಊರಿನ ಮೇಲೆ ಬಾಂಬು ಸುರಿದವು. ಹಡಗಿನಲ್ಲಿ ಜಾಗ ಸಿಗದ ಸಾವಿರಾರು ಜನರ ಹಾಗೆ ನಾವೂ ಗುಡ್ಡ, ಕಾಡು ಹತ್ತಿ ಇಳಿದು ಕಾಲ್ನಡಿಗೆಯಲ್ಲಿ ಗಡಿ ದಾಟಿದೆವು. ಹೊರಟಾಗ ಇದ್ದ ಅಮ್ಮ ತಲುಪುವಾಗ ಇರಲಿಲ್ಲ. ಇಷ್ಟನ್ನು ನಮ್ಮ ಮನೆಯಲ್ಲಿ ಯಾರೂ ಅಲ್ಲಗಳೆಯುತ್ತಿರಲಿಲ್ಲ.

ಅಪ್ಪನ ಕಥೆಯಲ್ಲಿ ಅಮ್ಮನಿಗೆ ದಾರಿಯಲ್ಲಿ ವಾಂತಿಭೇದಿ ಶುರುವಾಗುತ್ತಿತ್ತು. ಅಪ್ಪ ಅವಳನ್ನು ಎತ್ತಿಕೊಂಡು ನಡೆಯುತ್ತಿದ್ದರು. ಇಲ್ಲಿ ಅವರು ಎರಡೂ ಕೈ ಮುಂದೆ ಚಾಚಿ, ಮಗುವನ್ನು ಹಿಡಿದ ಹಾಗೆ ತೋರಿಸುತ್ತಿದ್ದರು. ಬೆಳಗಾಗುವ ಹೊತ್ತಿಗೆ ಅಮ್ಮ ಅವರ ತೊಡೆಯ ಮೇಲೆಯೇ ಜೀವ ಬಿಡುತ್ತಿದ್ದಳು. ಅಪ್ಪ ಬಾಯಿಗೆ ನೀರು ಬಿಟ್ಟು, ಕಾಡಿನ ಕಟ್ಟಿಗೆ ಒಟ್ಟಿ, ಬೆಂಕಿ ಕೊಟ್ಟು, ನನ್ನ ಕೈ ಹಿಡಿದು ಮುಂದೆ ನಡೆಯುತ್ತಿದ್ದರು. ಕೇಳುತ್ತಿದ್ದವರು ಬಾಯಿ ತುಂಬ ಬಜೆ ಇಟ್ಟುಕೊಂಡೇ ಛೆ, ಛೆ ಎನ್ನುತ್ತಿದ್ದರು. ಚಟ್ನಿ ಮೆತ್ತಿದ ಬೆರಳು ನೆಕ್ಕುತ್ತ, ಆಮೇಲೆ ಎಂತಾಯ್ತು ಎಂದು ಕೇಳುವವರೂ ಇದ್ದರು. ಕೊನೆಗೆ ಅಪ್ಪ ಪರದೆ ಸರಿಸಿ ನನ್ನನ್ನು ತೋರಿಸುತ್ತಿದ್ದರು, "ಇದೇ ಆ ಮಗು" ಎಂದು. ಎಣ್ಣೆ ಹೊಳೆಯುವ ತುಟಿಗಳೆಲ್ಲ ನನ್ನ ಕಡೆಗೆ ತಿರುಗುತ್ತಿದ್ದವು. ನಾನು ಪುಸ್ತಕಕ್ಕೆ ಮುಖ ಹುದುಗಿಸುತ್ತಿದ್ದೆ. ನಾಚಿಕೆ ಎಂದು ಅವರು ತಿಳಿಯುತ್ತಿದ್ದರು. ನನಗೆ ಓಕರಿಕೆ ಬರುತ್ತಿತ್ತು.

ಏಕೆಂದರೆ ನನಗೆ ನೆನಪಿದ್ದದ್ದು ಬೇರೆ.

ನನ್ನ ನೆನಪಿನಲ್ಲಿ ಕಟ್ಟಿಗೆಯಿಲ್ಲ, ಬೆಂಕಿಯಿಲ್ಲ. ದೊಡ್ಡದೊಂದು ಮರ. ಅದರ ಬುಡಕ್ಕೆ ಒರಗಿ ಹಸಿರು ಅಂಚಿನ ಸೀರೆಯ ಹೆಂಗಸು. ಸೀರೆಯೆಲ್ಲ ಹೊಲಸಾಗಿ ಮೈಗೆ ಅಂಟಿದೆ. ದೂರಕ್ಕೇ ಹೊಡೆಯುವ ನಾತ. ಅವಳ ತುಟಿಯ ಮೇಲೆ, ಕಣ್ಣಿನ ಮೂಲೆಯಲ್ಲಿ, ಒದ್ದೆಯಾದ ಸೀರೆಯ ಮೇಲೆ ರಾಶಿ ರಾಶಿ ಹಳದಿ ಚಿಟ್ಟೆಗಳು. ಒದ್ದೆಯನ್ನು ಹೀರುತ್ತ, ರೆಕ್ಕೆ ಮುಚ್ಚುತ್ತ, ತೆರೆಯುತ್ತ ಕುಳಿತಿವೆ. ದಾರಿಯುದ್ದಕ್ಕೂ ಸತ್ತವರ ಮೇಲೆ ಹಾಗೆ ಚಿಟ್ಟೆ ಕುಳಿತದ್ದನ್ನು ಕಂಡಿದ್ದ ನಾನು ಇವಳೂ ಸತ್ತಿದ್ದಾಳೆ ಎಂದುಕೊಳ್ಳುವಷ್ಟರಲ್ಲಿ ಅವಳ ಕೈ ಮೇಲೇಳುತ್ತದೆ. ಬೆರಳುಗಳು ಬಾ ಎಂಬಂತೆ ಮಡಚುತ್ತವೆ. ಅಪ್ಪ ನನ್ನ ಮಣಿಕಟ್ಟು ಹಿಡಿದು ಎಳೆಯುತ್ತಾರೆ. ನಾನು ತಿರುಗಿ ತಿರುಗಿ ನೋಡುತ್ತ ಅಮ್ಮಾ ಎಂದು ಬಾಯಿ ತೆರೆಯುತ್ತೇನೆ. ಸ್ವರ ಮಾತ್ರ ನೆನಪಿಲ್ಲ.

ಅಪ್ಪ ಅಮ್ಮನನ್ನು ಜೀವ ಇರುವಾಗಲೇ ಬಿಟ್ಟು ಬಂದಿದ್ದಾರೆ. ಅದನ್ನು ಮುಚ್ಚಲು ಬೆಂಕಿಯ ಕಥೆ ಕಟ್ಟಿ ಬಜೆಯ ಜೊತೆ ಹಂಚುತ್ತಿದ್ದಾರೆ. ಬಾಲ್ಯದುದ್ದಕ್ಕೂ ನಾನು ನಂಬಿದ್ದು ಇದನ್ನು. ಯಾರಿಗೂ ಹೇಳಲಿಲ್ಲ. ಅಪ್ಪ ಆ ಎರಡು ಕೈಗಳನ್ನು ಮುಂದೆ ಚಾಚಿದಾಗಲೆಲ್ಲ ನನಗೆ ಆ ಕೈಗಳೇ ಅಸಹ್ಯವಾಗುತ್ತಿದ್ದವು. ಅವರು ಬಡಿಸಿದ್ದನ್ನು ಉಣ್ಣುತ್ತಿರಲಿಲ್ಲ. ನಮ್ಮ ಮನೆ ನೋಡಿಕೊಳ್ಳುತ್ತಿದ್ದ ಅತ್ತೆ, ಅಂದರೆ ಅಪ್ಪನ ಅಕ್ಕ, ಬಡಿಸಿದರೆ ಮಾತ್ರ ಬಟ್ಟಲಿಗೆ ಕೈ ಹಾಕುತ್ತಿದ್ದೆ. ಹುಡುಗಿಗೆ ಗರ್ವ ಎಂದು ಅತ್ತೆ ನೆರೆಮನೆಯವರೊಡನೆ ಹೇಳುತ್ತಿದ್ದರು.

ಒಂದು ಮಳೆಗಾಲ ನದಿ ಏರಿ ಪೇಟೆಯೊಳಗೆ ಬಂತು. ಬಂಟ್ವಾಳದವರಿಗೆ ಅದು ಹೊಸದಲ್ಲ. ಸಾಮಾನು ಅಟ್ಟಕ್ಕೇರಿಸಿ ಕಾಯುವುದು, ನೀರು ಇಳಿದ ಮೇಲೆ ಕೆಸರು ಗೋರುವುದು. ನಾನಾಗ ಹೈಸ್ಕೂಲಿನಲ್ಲಿದ್ದೆ. ನೀರಿಳಿದ ದಿನ ಹೋಟೆಲಿನೊಳಗೆ ಮೊಣಕಾಲಿನವರೆಗೆ ಕಪ್ಪು ಕೆಸರು. ಮೆಟ್ಟಿಲ ಕೆಳಗೆ ಎಲ್ಲಿಂದಲೋ ತೇಲಿ ಬಂದ ಕರುವೊಂದು ಉಬ್ಬಿ ಸಿಕ್ಕಿಕೊಂಡಿತ್ತು. ಅದನ್ನು ಕೋಲಿನಿಂದ ಎಬ್ಬಿಸಿದಾಗ ಬಂದ ನಾತ ನನ್ನ ಮೂಗಿಗೆ ಬಡಿದದ್ದಷ್ಟೇ ಗೊತ್ತು. ಮತ್ತೆ ಎಚ್ಚರವಾದಾಗ ಅತ್ತೆ ನನ್ನ ಕೆನ್ನೆಗೆ ಹೊಡೆಯುತ್ತಿದ್ದರು. ನಾನು ಕೆಸರಿನಲ್ಲಿ ನೆಟ್ಟ ಕಂಬದಂತೆ ನಿಂತು, ಅವರಿಗೆ ಗೊತ್ತಿಲ್ಲದ ಯಾವುದೋ ಭಾಷೆಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದೆನಂತೆ. ಅಪ್ಪ ಅಲ್ಲಿಯೇ ಇದ್ದರು. ಗುದ್ದಲಿ ಬಿಟ್ಟು ನನ್ನನ್ನು ನೋಡಿ, ಮತ್ತೆ ಗೋರತೊಡಗಿದರು.

ಕೆಸರು ಒಣಗುವ ಮೊದಲೇ ಅದೂ ಕಥೆಗೆ ಸೇರಿತು. "ಅವಳು ಬರ್ಮಾದ ಭಾಷೆಯಲ್ಲಿ ನೀರು ಕೇಳ್ತಿದ್ದಳು ಮಾರಾಯ್ರೆ" ಎಂದು ಅಪ್ಪ ಪರದೆಯ ಆಚೆ ಹೇಳುವುದು ಕೇಳಿಸಿತು. ಅಂದೇ ನಿಶ್ಚಯಿಸಿದೆ, ಈ ಹೋಟೆಲಿನ ವಾಸನೆ ತಾಗದ ಊರಿಗೆ ಹೋಗಬೇಕು ಎಂದು.

ಟೀಚರ್ ಟ್ರೈನಿಂಗ್ ಮುಗಿಸಿದ ಮೇಲೆ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಬಸದಿಗಳ ಬೀದಿಯಲ್ಲಿ ಒಬ್ಬ ಮುದುಕಿಯ ಮನೆಯ ಜಗುಲಿ ಕೋಣೆ ಬಾಡಿಗೆಗೆ ಹಿಡಿದೆ. ಆ ಮನೆಯಲ್ಲಿ ಕತ್ತಲಾಗುವ ಮೊದಲೇ ಊಟ ಮುಗಿಯುತ್ತಿತ್ತು. ಕರಿದ ಎಣ್ಣೆಯ ವಾಸನೆಯಿರಲಿಲ್ಲ. ಅಲ್ಲಿ ನಾನು ಸ್ವಲ್ಪ ಮನುಷ್ಯಳಾದೆ. ಆದರೆ ಚಿಟ್ಟೆಗಳು ಅಲ್ಲಿಯೂ ಇದ್ದವು. ಮಳೆ ಬಿಟ್ಟ ಮೇಲೆ ಶಾಲೆಯ ಅಂಗಳದ ಒದ್ದೆಯಾದ ಕೆಂಪು ಮುರಕಲ್ಲಿನ ಮೇಲೆ ಅವು ಗುಂಪಾಗಿ ಕುಳಿತು ನೀರು ಹೀರುತ್ತಿದ್ದವು. ಮಕ್ಕಳು ಕುಣಿಯುತ್ತಿದ್ದರು, ನಾನು ಕಿಟಕಿ ಮುಚ್ಚಿಸುತ್ತಿದ್ದೆ. ಒಮ್ಮೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಅಂಗೈಯಲ್ಲಿ ಮುಚ್ಚಿಟ್ಟು ತಂದ ಹಳದಿ ಚಿಟ್ಟೆಯನ್ನು ಪ್ರೀತಿಯಿಂದ ನನ್ನ ಕೈಗೆ ಹಾಕಿದಳು. ನಾನು ಹಿತ್ತಿಲಿಗೆ ಓಡಿ ವಾಂತಿ ಮಾಡಿದೆ. ಕೈಯನ್ನು ಬೂದಿ ಹಾಕಿ ಉಜ್ಜಿದೆ. ಮಗು ಹೆದರಿ ಅತ್ತಿತು. ಆಮೇಲೆ ಮಕ್ಕಳು ಬೆನ್ನ ಹಿಂದೆ ನನ್ನನ್ನು ಪಾತರಗಿತ್ತಿ ಟೀಚರ್ ಎನ್ನುತ್ತಿದ್ದರು.

ಚೀನಾದ ಜೊತೆ ಯುದ್ಧ ಶುರುವಾದ ವರ್ಷ ಊರೂರಲ್ಲಿ ಸಭೆಗಳಾದವು. ನಮ್ಮ ಶಾಲೆಯಲ್ಲೂ ಚಪ್ಪರ ಹಾಕಿದರು. ಹೆಡ್‌ಮಾಸ್ಟರು ನನ್ನನ್ನು ಕರೆದು, ನೀವು ಯುದ್ಧ ಕಣ್ಣಾರೆ ಕಂಡವರಂತೆ, ನಾಲ್ಕು ಮಾತು ಹೇಳಬೇಕು ಎಂದರು. ಯಾರು ಹೇಳಿದ್ದು ಎಂದು ಕೇಳಿದರೆ ಬಸ್ಸಿನ ಕಂಡಕ್ಟರ್ ಎಂದರು. ಅಪ್ಪನ ಕಥೆ ಸಿದ್ಧಕಟ್ಟೆ ದಾರಿಯಾಗಿ ಟಿಕೇಟಿಲ್ಲದೆ ಮೂಡುಬಿದಿರೆ ತಲುಪಿತ್ತು.

ನಾನು ಒಪ್ಪಿದೆ. ಒಮ್ಮೆಯಾದರೂ ಜನರ ಎದುರು ಸತ್ಯ ಹೇಳಿ ಮುಗಿಸಬೇಕು ಎಂಬ ಹಟ. ಆ ಮರ, ಆ ಕೈ, ಆ ಚಿಟ್ಟೆ. ಯುದ್ಧವೆಂದರೆ ಬ್ಯಾಂಡು ಬಾರಿಸುವುದಲ್ಲ, ಹೊಲಸು ಎಂದು ಹೇಳಬೇಕು. ವೇದಿಕೆ ಹತ್ತಿ ಬಾಯಿ ತೆರೆದೆ. ಹೊರಗೆ ಬಂದದ್ದು ಅಪ್ಪನ ಕಥೆ. ಅವರದೇ ವಾಕ್ಯಗಳು, ಅವರು ನಿಲ್ಲಿಸುವಲ್ಲೇ ನಿಲುಗಡೆ. ಅಮ್ಮ ತೊಡೆಯ ಮೇಲೆ ಜೀವ ಬಿಟ್ಟಳು, ಕಟ್ಟಿಗೆ ಒಟ್ಟಿದೆವು, ಬೆಂಕಿ ಕೊಟ್ಟೆವು. ಮಾತಿನ ನಡುವೆ ಕೆಳಗೆ ನೋಡಿದರೆ ನನ್ನ ಎರಡು ಕೈಗಳು ಮಗುವನ್ನು ಹಿಡಿದ ಹಾಗೆ ಮುಂದೆ ಚಾಚಿದ್ದವು. ಹೆಂಗಸರು ಸೆರಗಿನಿಂದ ಕಣ್ಣೊರೆಸಿದರು. ಸಭೆ ಮುಗಿದ ಮೇಲೆ ಎಲ್ಲರಿಗೂ ಅವಲಕ್ಕಿ, ಚಾ. ಅಧ್ಯಕ್ಷರು ಅವಲಕ್ಕಿ ಮುಕ್ಕುತ್ತ, ತುಂಬ ಚೆನ್ನಾಗಿತ್ತು ಟೀಚರ್ ಎಂದರು.

ಮಾರನೆಯ ದಿನದಿಂದ ಇನ್ನೊಂದು ಶುರುವಾಯಿತು. ನನ್ನ ಮರವನ್ನು ನೆನೆದರೆ ಅದರ ಪಕ್ಕದಲ್ಲಿ ಅಪ್ಪನ ಬೆಂಕಿ ಉರಿಯುತ್ತಿತ್ತು. ಇಷ್ಟು ವರ್ಷ ಮುಟ್ಟಗೊಡದೆ ಇಟ್ಟುಕೊಂಡಿದ್ದ ಒಂದೇ ಒಂದು ಚಿತ್ರಕ್ಕೂ ಎಂಜಲು ತಾಗಿತು. ಯಾವುದು ಕಂಡದ್ದು, ಯಾವುದು ಕೇಳಿದ್ದು ಎಂದು ಬಿಡಿಸಲು ಹೋದಷ್ಟೂ ಎರಡೂ ಕಲಸಿಕೊಂಡವು. ಅಪ್ಪನ ಮೇಲಿದ್ದ ಹೇಸಿಗೆ ಈಗ ನನ್ನ ನೆನಪಿನ ಮೇಲೆಯೇ ಹುಟ್ಟಿತು.

ಆ ವಾರವೇ ವಿದ್ಯಾರ್ಥಿಯೊಬ್ಬನ ತಾಯಿ ಶಾಲೆಗೆ ಬಂದರು. ಅವರ ತವರು ಮುಂಡಾಜೆ. ಅಲ್ಲಿ ಬರ್ಮಾದಿಂದ ನಡೆದು ಬಂದ ಒಬ್ಬ ವಿಧವೆ ಇದ್ದಾರೆ, ಅವರ ಗಂಡ ರಂಗೂನಿನ ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದನಂತೆ, ಆ ಹೋಟೆಲಿನ ಯಜಮಾನರು ಬಂಟ್ವಾಳದ ಕಡೆಯವರಂತೆ ಎಂದರು. ಅಪ್ಪನ ಕಥೆಯಲ್ಲಿ ಅಡುಗೆಯವನ ಸಂಸಾರ ಇರಲೇ ಇಲ್ಲ. ನಾವು ಮೂವರೇ ನಡೆದಿದ್ದೆವು.

ಮುಂದಿನ ಭಾನುವಾರ ಬೆಳ್ತಂಗಡಿಗೆ ಹೋಗಿ, ಅಲ್ಲಿ ಚಾರ್ಮಾಡಿಯ ಬಸ್ಸು ಹಿಡಿದೆ. ಮುಂಡಾಜೆಯಲ್ಲಿಳಿದು ಕೇಳುತ್ತ ಹೋದಾಗ ಗದ್ದೆಯ ಬದಿಯ ಸಣ್ಣ ಮನೆಯ ಜಗುಲಿಯಲ್ಲಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು ಆ ಹೆಂಗಸು. ಐವತ್ತರ ಹತ್ತಿರದವರು, ಒಣಗಿದ ಮೈ. ಬಂಟ್ವಾಳದ ಹೋಟೆಲಿನವರ ಮಗಳು ಎಂದೆ. ಬಹಳ ಹೊತ್ತು ಮುಖ ನೋಡಿದರು. ಕುಡಿಯಲು ನೀರು, ಬೆಲ್ಲ ಕೊಟ್ಟರು. ಮತ್ತೆ ಮೊರ ಎಳೆದುಕೊಂಡರು. ತುಳುವಿನಲ್ಲೇ ಮಾತಾಡಿದೆವು.

ನಾನು ಸುತ್ತಿ ಬಳಸದೆ ಕೇಳಿದೆ. "ನನ್ನ ಅಮ್ಮನನ್ನು ದಾರಿಯಲ್ಲಿ ಬಿಟ್ಟು ಬಂದದ್ದು ಹೌದಾ?"

ಅವರ ಬೆರಳುಗಳು ನಿಂತವು. "ದಾರಿಯಲ್ಲಾ? ನಿನ್ನ ಅಮ್ಮ ದಾರಿಗೆ ಬರಲೇ ಇಲ್ಲವಲ್ಲ ಮಗಾ."

ಅವರು ಹೇಳಿದ್ದು ಹೀಗೆ. ವಿಮಾನಗಳು ಬಂದ ಮೊದಲ ದಿನ ಅವು ಏನು ಮಾಡುತ್ತವೆ ಎಂದು ಬೀದಿಯ ಜನಕ್ಕೆ ಗೊತ್ತಿರಲಿಲ್ಲ. ಎಲ್ಲರೂ ನೋಡಲು ಹೊರಗೆ ಓಡಿದರು. ಬೆಳ್ಳಿಯ ಹಾಗೆ ಹೊಳೀತದೆ, ಬನ್ನಿ ಎಂದು ಇವರನ್ನು ಕರೆದದ್ದೇ ನನ್ನ ಅಮ್ಮ. ಇವರು ಜೊತೆಗೆ ನಿಂತು ನೋಡಿ, ಒಲೆಯ ಮೇಲಿದ್ದ ಅನ್ನ ಬಸಿಯಲು ಒಳಗೆ ಹೋದರು. ಹಾಗಾಗಿ ಉಳಿದರು. ಹೊರಗೆ ಬಂದಾಗ ಬೀದಿಯೇ ಇರಲಿಲ್ಲ. ನಾನು ಹಿಂದಿನ ಕೋಣೆಯಲ್ಲಿ ಮಲಗಿದ್ದೆನಂತೆ.

"ಹಾಗಾದರೆ ಮರದ ಬುಡದಲ್ಲಿ ಕೂತವಳು ಯಾರು?" ಎಂದೆ. ಹಸಿರು ಅಂಚಿನ ಸೀರೆಯನ್ನು ಹೇಳಿದೆ.

ಅವರು ಎಲೆ ಕತ್ತರಿಸುವ ಕತ್ತರಿಯನ್ನು ಕೆಳಗಿಟ್ಟರು. "ಅದು ನನ್ನ ತಂಗಿ. ಸೀರೆ ನಿನ್ನ ಅಮ್ಮನದ್ದು. ಹೊರಡುವಾಗ ನಿನ್ನ ಅಪ್ಪ ಕೊಟ್ಟದ್ದು, ಉಟ್ಕೊಳ್ಳಲಿ ಅಂತ. ನಿನ್ನನ್ನು ಸೊಂಟದಲ್ಲಿ ಕೂರಿಸಿ ತಂದದ್ದೂ ಅವಳೇ. ಆ ಸೀರೆ ನೋಡಿಯೋ ಎಂತದೋ, ನೀನು ಅವಳನ್ನೇ ಅಮ್ಮ ಅಂತ ಕರೀತಿದ್ದಿ."

ತಂಗಿಗೆ ವಾಂತಿಭೇದಿಯಾಗಿ ಎರಡು ಹೆಜ್ಜೆ ಇಡಲಾಗಲಿಲ್ಲ. ಜೊತೆಗೆ ನಿಂತವರೆಲ್ಲ ರೋಗ ಹಿಡಿಸಿಕೊಂಡು ಸಾಯುತ್ತಿದ್ದರು. ಇವರ ಗಂಡ ಹೋಗುವ ನಡಿ ಎಂದ, ಇವರು ಹೊರಟರು. "ಬಿಟ್ಟದ್ದು ನಾವು. ನಿನ್ನ ಅಪ್ಪ ಅಲ್ಲ. ನೀನು ಅವಳನ್ನು ಬಿಟ್ಟು ಬರ್ಲಿಕ್ಕೆ ಒಪ್ಪಲಿಲ್ಲ, ಅವರು ನಿನ್ನನ್ನು ಎಳ್ಕೊಂಡು ಬಂದರು ಅಷ್ಟೆ." ಊರಿಗೆ ಬಂದ ಮೇಲೆ ತಂಗಿ ರಂಗೂನಿನಲ್ಲಿ ಬಾಂಬಿಗೆ ಸತ್ತಳು ಎಂದು ತಾಯಿಗೆ ಹೇಳಿದರಂತೆ. ಬಾಂಬಿಗೆ ಸತ್ತರೆ ಯಾರೂ ಹೆಚ್ಚು ಕೇಳುವುದಿಲ್ಲ ಎಂದರು.

ನಾನು ಏಳಬೇಕೆಂದಿದ್ದೆ. ಆಗ ಅವರು ಮೆಲ್ಲಗೆ ಕೇಳಿದರು. "ನೀನು ತಿರುಗಿ ನೋಡಿದ್ದಿ ಅಲ್ಲವಾ? ನಾನು ನೋಡ್ಲಿಲ್ಲ. ನೋಡಬೇಡ ಅಂತ ಗಂಡ ಹೇಳಿದ್ದರು. ಹೇಗಿದ್ದಳು?"

ಅವರ ಮುಖ ನೋಡಿದರೆ ಸುಳ್ಳು ಹೇಳಬಹುದಿತ್ತು. ಆದರೆ ಒಳ್ಳೆಯ ಸುಳ್ಳುಗಳನ್ನು ಕೇಳಿ ಕೇಳಿ ನನ್ನ ಹೊಟ್ಟೆ ಕೆಟ್ಟಿತ್ತು. ಎಲ್ಲವನ್ನೂ ಹೇಳಿದೆ. ನಾತ, ಚಿಟ್ಟೆಗಳು, ಮೇಲೆದ್ದ ಕೈ.

"ಜೀವ ಇತ್ತಾ?"

"ಇತ್ತು."

"ಇತ್ತು ಅಂತ ನಮಗೆ ಗೊತ್ತಿತ್ತು" ಎಂದರು. ಮೊರವನ್ನು ಮಡಿಲಿಗೆಳೆದು ಎಲೆಯಲ್ಲಿ ಹೊಗೆಸೊಪ್ಪು ತುಂಬಿ ಸುತ್ತತೊಡಗಿದರು. ಆ ಬೆರಳುಗಳು ಅಷ್ಟು ಸಲೀಸಾಗಿ ಓಡುವುದನ್ನು ನೋಡಿ ನನ್ನ ಮೈ ಹೇಸಿತು. ಗಂಜಿ ಉಂಡು ಹೋಗು ಎಂದರು. ನನ್ನಿಂದಾಗಲಿಲ್ಲ.

ಮೂಡುಬಿದಿರೆಗೆ ಹೋಗದೆ ನೇರ ಬಂಟ್ವಾಳಕ್ಕೆ ಹೋದೆ. ಹೊತ್ತು ಇಳಿಯುತ್ತಿತ್ತು, ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಅಪ್ಪ ಒದ್ದೆ ಬಟ್ಟೆಯಿಂದ ಬೆಂಚು ಒರೆಸುತ್ತಿದ್ದರು. ಮುಂಡಾಜೆಗೆ ಹೋಗಿದ್ದೆ ಎಂದೆ. ಯಾರನ್ನು ನೋಡಿದೆ ಎಂದು ಹೇಳುವ ಮೊದಲೇ ಅವರು ಒರೆಸುವುದನ್ನು ನಿಲ್ಲಿಸಿದರು.

"ಅಮ್ಮ ದಾರಿಯಲ್ಲಿ ಸತ್ತದ್ದಲ್ಲ" ಎಂದೆ.

"ಯಾರು ಹೇಳಿದ್ದು? ನಾನೇ ಎತ್ಕೊಂಡು..." ಕೈಗಳು ಅಭ್ಯಾಸದಂತೆ ಮೇಲೆ ಬಂದವು. ಅರ್ಧದಲ್ಲಿ ನಿಂತವು. ಆ ಒದ್ದೆ ಬಟ್ಟೆ ಇನ್ನೂ ಒಂದು ಕೈಯಲ್ಲಿತ್ತು, ಜಿಡ್ಡಿನ ನೀರು ಮೊಣಕೈಗೆ ಇಳಿಯುತ್ತಿತ್ತು. ಅವರು ಬೆಂಚಿನ ಮೇಲೆ ಕುಳಿತರು.

"ಹುಡುಕಿದೆ. ಸಿಗ್ಲಿಲ್ಲ. ಎಲ್ಲರನ್ನೂ ರಾಶಿ ಹಾಕಿ ಸುಟ್ಟಿದ್ದರು. ಅದರಲ್ಲಿ ಯಾರದು ಎಂತದು ಅಂತ ಗೊತ್ತಾಗ್ತದಾ?"

ನನಗೆ ಯಾಕೆ ಹೇಳಲಿಲ್ಲ ಎಂದೆ.

"ನೀನು ಆ ಹುಡುಗಿಯನ್ನು ಅಮ್ಮ ಅಂತ ಕರೀಲಿಕ್ಕೆ ಶುರು ಮಾಡಿದ್ದಿ. ನಾನು ಬೇಡ ಅನ್ಲಿಲ್ಲ. ಅಳು ನಿಲ್ಲಿಸಿದ್ದಿ, ಅಷ್ಟು ಸಾಕಿತ್ತು. ಆಮೇಲೆ ಅವಳೂ ಹೋದಳು. ಆರು ವರ್ಷದ ಮಗುವಿಗೆ ಅಮ್ಮ ಎರಡು ಸಲ ಸತ್ತಳು ಅಂತ ಹೇಳ್ಲಿಕ್ಕೆ ಉಂಟಾ?"

"ಆ ಕಟ್ಟಿಗೆ, ಬೆಂಕಿ?"

"ಜನ ಕೇಳ್ತಾರೆ. ರಾಶಿಯ ವಿಷಯ ಚಾ ಕುಡಿಯುವವರ ಹತ್ತಿರ ಹೇಗೆ ಹೇಳುವುದು?" ಬಟ್ಟೆಯನ್ನು ಹಿಂಡಿ ಮಡಚಿಟ್ಟರು. "ಹೇಳಿ ಹೇಳಿ ಈಗ ನನಗೆ ಹಾಗೆಯೇ ಕಾಣ್ತದೆ ಮಗಾ. ಅವಳ ತಲೆ ತೊಡೆಯ ಮೇಲೆ ಇದ್ದ ಭಾರ ಕೂಡ ಗೊತ್ತಾಗ್ತದೆ."

ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಒಳಗೆ ಬಂದು ಎರಡು ಚಾ, ಒಂದು ಪ್ಲೇಟು ಬಜೆ ಎಂದರು. ಅಪ್ಪ ಎದ್ದು ಹೋಗಿ ಬಾಣಲೆಯ ಮುಂದೆ ನಿಂತರು.

ಇಷ್ಟು ವರ್ಷ ತಪ್ಪು ತಿಳಿದು ದ್ವೇಷಿಸಿದೆ, ಇನ್ನು ಎದೆ ಹಗುರಾಗಬೇಕು ಎಂದು ಓದುವವರಿಗೆ ಅನಿಸಬಹುದು. ಹಗುರಾಗಲಿಲ್ಲ. ಹೇಸಿಗೆ ಹೋಗಲಿಲ್ಲ, ಅದಕ್ಕಿದ್ದ ಕಾರಣ ಮಾತ್ರ ಹೋಯಿತು. ಅಪ್ಪ ಬಡಿಸಿದರೆ ನನ್ನ ಕೈ ಆಗಲೂ ಹಿಂದೆ ಸರಿಯುತ್ತಿತ್ತು. ತಲೆಗೆ ತಿಳಿದದ್ದು ಹೊಟ್ಟೆಗೆ ತಿಳಿಯುವುದಿಲ್ಲ. ನಾನು ಬಂಟ್ವಾಳಕ್ಕೆ ಹೋದ ದಿನಗಳಲ್ಲಿ ಅಪ್ಪ ಕಥೆ ಹೇಳುತ್ತಿರಲಿಲ್ಲ. ಹೋಗದ ದಿನಗಳಲ್ಲಿ ಮೊದಲಿನ ಹಾಗೆಯೇ ಹೇಳುತ್ತಿದ್ದರೆಂದು ಅದೇ ಕಂಡಕ್ಟರ್ ನನಗೆ ತಿಳಿಸಿದ. ಹೇಳಲಿ ಎಂದುಕೊಂಡೆ. ಕೆಲವು ವರ್ಷಗಳಲ್ಲಿ ಅವರು ತೀರಿಕೊಂಡರು. ಪಾಕಿಸ್ತಾನದ ಜೊತೆ ಯುದ್ಧವಾದಾಗ ಹೆಡ್‌ಮಾಸ್ಟರು ಮತ್ತೆ ಸಭೆಗೆ ಕರೆದರು. ನನಗೆ ಏನೂ ನೆನಪಿಲ್ಲ ಸರ್ ಎಂದೆ. ಅವರಿಗೆ ಸಿಟ್ಟು ಬಂತು.

ಏನೂ ನೆನಪಿಲ್ಲ ಎಂದದ್ದು ಪೂರ್ತಿ ಸುಳ್ಳೂ ಅಲ್ಲ. ನನ್ನ ಅಮ್ಮನ ಮುಖ ಎಂದು ನಾನು ಇಟ್ಟುಕೊಂಡದ್ದು ಬೇರೊಬ್ಬರ ತಂಗಿಯ ಮುಖ. ನನ್ನ ಅಮ್ಮನದೆಂದು ಉಳಿದದ್ದು ಆ ಸೀರೆಯ ಅಂಚು ಮಾತ್ರ. ಅಮ್ಮನನ್ನು ತಿಳಿಯುವ ಆಸೆಗೆ ರಜೆ ಸಿಕ್ಕಾಗಲೆಲ್ಲ ಮುಂಡಾಜೆಗೆ ಹೋಗತೊಡಗಿದೆ. ಅವಳು ಹೇಗೆ ನಗುತ್ತಿದ್ದಳು, ಏನು ತಿನ್ನುತ್ತಿದ್ದಳು ಎಂದು ಕೇಳುತ್ತಿದ್ದೆ. ಆ ಹೆಂಗಸು ಹೇಳಿದರು. ಆದರೆ ಪ್ರತಿ ರಜೆಗೂ ಅಮ್ಮ ಸ್ವಲ್ಪ ಹೆಚ್ಚು ಚೆಲುವೆಯಾಗುತ್ತಿದ್ದಳು, ಹಿಂದಿನ ಸಲ ಹಾಡಲು ಬಾರದವಳು ಈ ಸಲ ಹಾಡುತ್ತಿದ್ದಳು. ನನ್ನ ಮುಖ ನೋಡಿ ನೋಡಿ ಅವರು ಬಡಿಸುತ್ತಿದ್ದರು, ಥೇಟು ಅಪ್ಪ ಗಿರಾಕಿಗಳಿಗೆ ಬಡಿಸಿದ ಹಾಗೆ. ಕೇಳುವುದನ್ನು ನಿಲ್ಲಿಸಿದೆ.

ಹೋಗುವುದನ್ನು ನಿಲ್ಲಿಸಲಿಲ್ಲ. ಒಂದು ಏಪ್ರಿಲ್ ರಜೆಯಲ್ಲಿ, ಮಧ್ಯಾಹ್ನ ಅವರ ಜಗುಲಿಯಲ್ಲಿ ಎಲೆ ಕತ್ತರಿಸಿ ಕೊಡುತ್ತ ಕುಳಿತಿದ್ದಾಗ, ಕೇಳದೆಯೇ ನನಗೆ ಒಂದು ನೆನಪು ಹೊಳೆಯಿತು. ಸೊಂಟದ ಮೇಲೆ ಕುಳಿತವಳ ಹಾಗೆ ಮೈ ಕುಲುಕುತ್ತಿದೆ. ಕೆನ್ನೆ ಯಾರದೋ ಬೆವೆತ ಕುತ್ತಿಗೆಗೆ ತಾಗಿದೆ. ಒಂದು ಬದಿಯಿಂದ ಇನ್ನೊಂದು ಬದಿಗೆ ನನ್ನನ್ನು ಬದಲಾಯಿಸುವಾಗಲೆಲ್ಲ ಹೂಂ ಎಂದು ಉಸಿರು ಬಿಡುವ ಸದ್ದು. ಅದರಲ್ಲಿ ನಾತ ಇರಲಿಲ್ಲ. ಅಪ್ಪ ಎಂದೂ ಹೇಳದ, ಈ ಹೆಂಗಸಿಗೂ ಗೊತ್ತಿಲ್ಲದ ಚೂರು ಅದು. ಅವರಿಗೆ ಹೇಳಿದೆ.

ಅವರು ಬೀಡಿ ಬಿಟ್ಟು ಕೇಳಿದರು. ಕೇಳಿ ಮುಗಿದ ಮೇಲೆ, ನಾನು ನೋಡಿದ ಮಟ್ಟಿಗೆ ಮೊದಲ ಸಲ, ನಕ್ಕರು.

"ನೀನು ಭಾರ ಇದ್ದಿ ಮಾರಾಯ್ತಿ" ಎಂದರು. "ಅವಳು ದಿನಾ ಬೈತಿದ್ದಳು. ಕೆಳಗೆ ಮಾತ್ರ ಇಳಿಸ್ತಿರಲಿಲ್ಲ."